ಬಲವಿಲ್ಲದವರ ಜೊತೆ ಹೆಜ್ಜೆ ಹಾಕುವುದು ಹೇಗೆ? ಸುವಾರ್ತೆ ಸೇವೆಯಲ್ಲಿರುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಸೇವೆಗೆ ಬಂದ ಹೊಸತರಲ್ಲಿ ನಾನೊಂದು ಮನೆಕೂಟ ನಡೆಸುತ್ತಿದ್ದೆ. ಹತ್ತು ಹನ್ನೆರಡು ಜನ. ಸುತ್ತ ಕೂತು ಒಬ್ಬೊಬ್ಬರು ಬೈಬಲ್‌ನ ಒಂದೊಂದು ವಚನ ಓದಬೇಕು, ಅದು ನನ್ನ ಪದ್ಧತಿ. ಒಬ್ಬ ಅಣ್ಣ ಪ್ರತಿ ವಾರ ತಪ್ಪದೆ ಬರುತ್ತಿದ್ದರು, ಹಾಡಿಗೆ ಗಟ್ಟಿಯಾಗಿ ದನಿ ಕೂಡಿಸುತ್ತಿದ್ದರು, ಆದರೆ ಓದುವ ಸರದಿ ಇನ್ನೇನು ಎರಡು ಜನ ದೂರ ಇದೆ ಅನ್ನುವಾಗ ಫೋನ್ ಕಿವಿಗಿಟ್ಟುಕೊಂಡು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ನನಗೆ ಸಿಟ್ಟು. ಒಂದು ದಿನ ಎಲ್ಲರ ಮುಂದೆಯೇ "ಏನಣ್ಣ, ದೇವರ ವಾಕ್ಯಕ್ಕಿಂತ ಫೋನೇ ಜಾಸ್ತಿ ಆಯ್ತಾ?" ಅಂದೆ. ಅವರು ನಕ್ಕರು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಅವರಿಗೆ ಓದೋಕೆ ಬರಲ್ಲ ಅನ್ನುವುದು ಆಮೇಲೆ ಅವರ ಮನೆಯವರಿಂದ ಗೊತ್ತಾಯಿತು. ಯಾರ ಫೋನೂ ಬರುತ್ತಿರಲಿಲ್ಲ, ಸುಮ್ನೆ ಕಿವಿಗಿಟ್ಟುಕೊಳ್ಳುತ್ತಿದ್ದರು.

ಒಬ್ಬೊಬ್ಬರು ಒಂದೊಂದು ವಚನ ಓದಬೇಕು ಅಂತ ಬೈಬಲ್‌ನಲ್ಲಿ ಎಲ್ಲೂ ಬರೆದಿಲ್ಲ. ಅದು ನನ್ನದು. ಅದನ್ನು ಬಿಟ್ಟಿದ್ದರೆ ಸುವಾರ್ತೆಗೆ, ಅಂದರೆ ಕ್ರಿಸ್ತನ ಶುಭ ಸಂದೇಶಕ್ಕೆ, ಒಂದು ಕೂದಲಿನಷ್ಟೂ ನಷ್ಟ ಆಗುತ್ತಿರಲಿಲ್ಲ. ನಾನು ಅದನ್ನು ಬಿಡದೆ ಆ ಅಣ್ಣನನ್ನು ಬಿಟ್ಟೆ. ಕೆಳಗಿನ ಎಲ್ಲ ಹೆಜ್ಜೆಗಳಲ್ಲೂ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ನಾನು ಬಿಡುತ್ತಿರುವುದು ನನ್ನದಾ, ಅಥವಾ ನನ್ನದಲ್ಲದ್ದಾ? ನನ್ನದಾದರೆ ಎಷ್ಟು ಬೇಕಾದರೂ ಬಿಡಬಹುದು. ಸುವಾರ್ತೆ ನನ್ನದಲ್ಲ, ಹಾಗಾಗಿ ಅದನ್ನು ಬಿಟ್ಟುಕೊಡುವ ಹಕ್ಕೂ ನನಗಿಲ್ಲ.

ಹೆಜ್ಜೆ 1: ಮೊದಲು ಪೌಲ ಏನು ಬಿಟ್ಟ ಅಂತ ನೋಡಿ

ಈ ವಿಷಯಕ್ಕೆ ಎಲ್ಲರೂ ಎತ್ತಿಕೊಳ್ಳುವ ಭಾಗ 1 ಕೊರಿಂಥ 9:19ರಿಂದ 23, ಅಂದರೆ ಯೇಸುವಿನ ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಪತ್ರದ ಭಾಗ. ಆದರೆ ತುಂಬಾ ಜನ 19ನೇ ವಚನದಿಂದಲೇ ಶುರು ಮಾಡುತ್ತಾರೆ, ಅಲ್ಲೇ ಎಡವಟ್ಟು. ಅಧ್ಯಾಯದ ಮೊದಲಿಂದ ಓದಿ. ಊಟ ಮಾಡುವ ಹಕ್ಕು, ಮದುವೆಯಾಗಿ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ತಿರುಗುವ ಹಕ್ಕು, ಸೇವೆಯಿಂದಲೇ ಜೀವನ ಮಾಡುವ ಹಕ್ಕು, ಹೀಗೆ ಪೌಲ ತನ್ನ ಹಕ್ಕುಗಳನ್ನು ಸಾಲಾಗಿ ಹೇಳುತ್ತಾನೆ. ಹೇಳಿ, ಇವನ್ನು ನಾನು ಬಳಸಿಕೊಳ್ಳಲಿಲ್ಲ ಅನ್ನುತ್ತಾನೆ. ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದವನು ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ಮಾಡುವ ಕೆಲಸ ಮಾಡಿದ. ಅಂದರೆ ಅವನು ಬಿಟ್ಟಿದ್ದೆಲ್ಲ ಅವನ ಜೇಬಿನದು, ಅವನ ಅನುಕೂಲದ್ದು.

ಇನ್ನೊಂದು ಸಣ್ಣ ವಿಷಯ. ಯೆಹೂದ್ಯರಿಗೆ ಯೆಹೂದ್ಯನಂತೆ, ಮೋಶೆಯ ಧರ್ಮಶಾಸ್ತ್ರ ಇಲ್ಲದವರಿಗೆ ಅದು ಇಲ್ಲದವನಂತೆ ಆದೆ ಅನ್ನುತ್ತಾನೆ. ಬಲವಿಲ್ಲದವರ ಮಾತು ಬಂದಾಗ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಆ "ಅಂತೆ" ಇಲ್ಲ. ಬಲವಿಲ್ಲದವನೇ ಆದೆ ಅಂತ ಇದೆ. ನಾಟಕಕ್ಕೆ ಇಲ್ಲಿ ಜಾಗ ಇಲ್ಲ. ಇದೇ ಪತ್ರದ ಎರಡನೇ ಅಧ್ಯಾಯದಲ್ಲಿ, ನಿಮ್ಮ ಹತ್ತಿರ ಬಂದಾಗ ನನಗೂ ಬಲ ಇರಲಿಲ್ಲ, ಹೆದರಿ ನಡುಗುತ್ತಿದ್ದೆ ಅಂತ ಒಪ್ಪಿಕೊಂಡಿದ್ದಾನೆ. "ಪಾಪ, ಇವರ ಮಟ್ಟಕ್ಕೆ ಇಳಿದು ಬಂದಿದ್ದೀನಿ" ಅನ್ನುವ ಭಾವನೆ ನಿಮ್ಮ ಒಳಗಿದ್ದರೆ ಎದುರಿನವರಿಗೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಈಗ ಮಾಡಬೇಕಾದ ಕೆಲಸ: ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ನಿಮ್ಮ ಸೇವೆಯಲ್ಲಿ ನಿಮ್ಮದು ಅನ್ನುವುದೆಲ್ಲ ಬರೆಯಿರಿ. ಕೂಟದ ಹೊತ್ತು, ಪ್ರಸಂಗದ ಉದ್ದ, ಹಾಡಿನ ಶೈಲಿ, ನಿಮ್ಮ ಭಾಷೆ, ನಿಮ್ಮ ಬಟ್ಟೆ, ಎಲ್ಲಿ ಸೇರುತ್ತೀರಿ, ಯಾರು ಮಾತಾಡುತ್ತಾರೆ. ಬಲಗಡೆ ನಿಮ್ಮದಲ್ಲದ್ದು ಬರೆಯಿರಿ. ಕ್ರಿಸ್ತನ ಮರಣ, ಪುನರುತ್ಥಾನ, ಪಶ್ಚಾತ್ತಾಪ, ಕೃಪೆಯಿಂದ ಮಾತ್ರ ರಕ್ಷಣೆ. ಎಡಗಡೆಯ ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಉದ್ದ ಬರುತ್ತದೆ. ನನ್ನದು ಎರಡು ಪುಟ ಬಂತು.

ಹೆಜ್ಜೆ 2: ಯಾವ ಥರದ ಬಲಹೀನತೆ ಅಂತ ಗುರುತಿಸಿ

ಎಲ್ಲದಕ್ಕೂ ಒಂದೇ ಮದ್ದು ಕೊಡುವವರೇ ಜಾಸ್ತಿ. 1 ಥೆಸಲೊನೀಕ 5:14ರಲ್ಲಿ ಪೌಲ ಜನರನ್ನು ಬೇರೆ ಬೇರೆ ಮಾಡಿ ತೋರಿಸುತ್ತಾನೆ. ಶಿಸ್ತಿಲ್ಲದೆ ತಿರುಗುವವರನ್ನು ಎಚ್ಚರಿಸಿ, ಎದೆಗುಂದಿದವರಿಗೆ ಧೈರ್ಯ ಹೇಳಿ, ಬಲವಿಲ್ಲದವರಿಗೆ ಆಸರೆ ಕೊಡಿ, ಎಲ್ಲರ ಜೊತೆಗೂ ತಾಳ್ಮೆ ಇರಲಿ. ಇದನ್ನು ಅದಲುಬದಲು ಮಾಡಿ ನೋಡಿ. ಎದೆಗುಂದಿದವರಿಗೆ ಎಚ್ಚರಿಕೆ ಕೊಟ್ಟರೆ ಮುರಿದುಹೋಗುತ್ತಾರೆ, ಸೋಮಾರಿಗೆ ಸಮಾಧಾನ ಹೇಳಿದರೆ ಇನ್ನಷ್ಟು ಆರಾಮಾಗುತ್ತಾನೆ.

ನಾನು ಕೇಳಿಕೊಳ್ಳುವುದು ಹೀಗೆ:

ಇವರಿಗೆ ಮನಸ್ಸಾಕ್ಷಿಯ ಹಿಂಜರಿಕೆಯಾ? ಹಳೆಯ ಬದುಕಿನ ನೆನಪಿಂದ ಕೆಲವು ವಿಷಯ ಮುಟ್ಟೋಕೆ ಭಯವಾ?

ತಿಳುವಳಿಕೆ ಕಮ್ಮಿಯಾ? ಹಾಗಿದ್ದರೆ ಬೇಕಾದದ್ದು ಹಾಲು, ಗಟ್ಟಿ ಊಟ ಅಲ್ಲ.

ಮೈಯಲ್ಲಿ, ಮನಸ್ಸಲ್ಲಿ ಶಕ್ತಿ ಇಲ್ಲವಾ? ಕಾಯಿಲೆ, ದುಃಖ, ನಿದ್ದೆಗೆಟ್ಟ ರಾತ್ರಿಗಳು?

ಅಥವಾ ಬಿಡಬೇಕು ಅನ್ನಿಸಿದರೂ ಬಿಡೋಕಾಗದ ಪಾಪವಾ?

ಕೊನೆಯದನ್ನು ಮೊದಲ ಮೂರರ ಜೊತೆ ಸೇರಿಸಬೇಡಿ. ಮೊದಲ ಮೂರರಲ್ಲಿ ನಾವು ಬದಲಾಗಬೇಕು. ಕೊನೆಯದರಲ್ಲಿ ಅವರು ಬದಲಾಗೋಕೆ ನಾವು ಜೊತೆಗಿರಬೇಕು. ಗಲಾತ್ಯ 6:1ರಲ್ಲಿ ಸಾತ್ವಿಕ ಮನಸ್ಸಿಂದ ಸರಿಮಾಡಿ ಅಂದ ಕೂಡಲೇ, ನೀನೂ ಸಿಕ್ಕಿಬೀಳದ ಹಾಗೆ ನೋಡಿಕೋ ಅಂತಲೂ ಇದೆ. ಕುಡಿಯುವವರನ್ನು ಗೆಲ್ಲಬೇಕು ಅಂತ ಜೊತೆ ಕೂತು ಕುಡಿಯುವುದು ಪೌಲನ ದಾರಿ ಅಲ್ಲ. ಧರ್ಮಶಾಸ್ತ್ರ ಇಲ್ಲದವರ ಜೊತೆ ಇದ್ದಾಗಲೂ ತಾನು ಕ್ರಿಸ್ತನ ನಿಯಮಕ್ಕೆ ಒಳಗಾದವನು ಅಂತ ಅದೇ ವಾಕ್ಯದ ನಡುವೆ ಸೇರಿಸಿದ್ದಾನೆ, ನೋಡಿ.

ಹೆಜ್ಜೆ 3: ಮಾತಿಗಿಂತ ಮೊದಲು ಕಿವಿ

ಬಲಹೀನತೆ ಹಣೆ ಮೇಲೆ ಬರೆದಿರುವುದಿಲ್ಲ. ಜನ ಅದನ್ನು ಮುಚ್ಚಿಡುತ್ತಾರೆ, ನಗುವಿನಿಂದಲೋ, ಸಿಟ್ಟಿನಿಂದಲೋ, ಬಾರದ ಫೋನಿನಿಂದಲೋ. ಅದಕ್ಕೇ ಮೊದಲ ನಾಲ್ಕೈದು ಭೇಟಿಯಲ್ಲಿ ಬೋಧನೆ ಕಮ್ಮಿ ಇರಲಿ. ಕುರುಡನಾದ ಬಾರ್ತಿಮಾಯನಿಗೆ ಏನು ಬೇಕು ಅಂತ ಯಾರಿಗಾದರೂ ಹೇಳೋಕಾಗುತ್ತಿತ್ತು, ಆದರೂ ಯೇಸು "ನಾನು ನಿನಗೇನು ಮಾಡಬೇಕು" ಅಂತ ಅವನ ಬಾಯಿಂದಲೇ ಕೇಳಿದ. ಇಬ್ಬರು ಶಿಷ್ಯರು ಎಮ್ಮಾಹು ಊರಿಗೆ ಹೊರಟ ದಾರಿಯಲ್ಲೂ ಅಷ್ಟೇ. ಪುನರುತ್ಥಾನವಾದ ಯೇಸುವೇ ಪಕ್ಕದಲ್ಲಿ ನಡೆಯುತ್ತಿದ್ದ, ಆದರೂ ಮೊದಲು ಆ ಇಬ್ಬರ ನಿರಾಸೆಯ ಕಥೆಯನ್ನು ಪೂರ್ತಿ ಹೇಳಿಸಿದ. ಆಮೇಲೆ ಶಾಸ್ತ್ರ.

ಕೇಳುವಾಗ ಪ್ರಶ್ನೆಗಳು ಸಣ್ಣದಿರಲಿ. "ನಿಮ್ಮ ಸಮಸ್ಯೆ ಏನು?" ಅಂದರೆ ಯಾರೂ ಹೇಳಲ್ಲ. "ಕೂಟದಲ್ಲಿ ಯಾವ ಹೊತ್ತು ಬೇಜಾರಾಗುತ್ತೆ?" ಅಂತಲೋ, "ನಾನು ಹೇಳಿದ್ದರಲ್ಲಿ ಯಾವುದು ತಲೆಗೆ ಹತ್ತಲಿಲ್ಲ?" ಅಂತಲೋ ಕೇಳಿದರೆ ಬಾಯಿ ಬಿಡುತ್ತಾರೆ. ಬರುವುದು ನಿಲ್ಲಿಸಿದವರನ್ನು ಕೇಳುವುದು ಇನ್ನೂ ಒಳ್ಳೇದು. ಅವರ ಹತ್ತಿರ ನಿಜ ಸಿಗುತ್ತದೆ, ಆದರೆ ಕೇಳಿಸಿಕೊಂಡು ವಾದ ಮಾಡಬಾರದು, ಅದೇ ಕಷ್ಟ.

ಹೆಜ್ಜೆ 4: ಎಡವುತ್ತಾರಾ, ಮುನಿಸಿಕೊಳ್ಳುತ್ತಾರಾ? ಎರಡನ್ನೂ ಬೇರೆ ಮಾಡಿ

ಸಭೆಗಳಲ್ಲಿ ಅತಿ ಹೆಚ್ಚು ಗೊಂದಲ ಇಲ್ಲೇ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೊರಿಂಥದ ಜಗಳ ವಿಗ್ರಹಕ್ಕೆ ಅರ್ಪಿಸಿದ ಮಾಂಸದ್ದು. ದೇವಸ್ಥಾನಕ್ಕೆ ಹೊಂದಿಕೊಂಡೇ ಊಟದ ಕೋಣೆಗಳಿದ್ದ ಊರು ಅದು. ಕೆಲವು ವಿಶ್ವಾಸಿಗಳು, ವಿಗ್ರಹ ಅಂದರೆ ಏನೂ ಅಲ್ಲ, ತಿಂದರೆ ಏನಾಯ್ತು ಅನ್ನುತ್ತಿದ್ದರು. ಇನ್ನು ಕೆಲವರು ಮೊನ್ನೆ ಮೊನ್ನೆವರೆಗೂ ಅದೇ ವಿಗ್ರಹಕ್ಕೆ ಕೈಮುಗಿದವರು. ಅವರಿಗೆ ಆ ಮಾಂಸ ಬರೀ ಮಾಂಸ ಅಲ್ಲ. ಬಲವಿರುವವನು ಅಲ್ಲಿ ಕೂತು ಊಟ ಮಾಡುವುದನ್ನು ನೋಡಿ ಬಲವಿಲ್ಲದವನೂ ಧೈರ್ಯ ಮಾಡಿ, ಒಳಗೆ ಮನಸ್ಸು ಬೇಡ ಅನ್ನುತ್ತಿದ್ದರೂ ತಿನ್ನುತ್ತಾನೆ, ಹಳೆಯ ಬದುಕಿಗೆ ಜಾರುತ್ತಾನೆ. ಪೌಲ ಎಡವುವುದು ಅಂದದ್ದು ಇದಕ್ಕೆ. ಒಬ್ಬ ಮನುಷ್ಯ ತನ್ನ ಮನಸ್ಸಾಕ್ಷಿಯನ್ನು ತುಳಿದು ಬೀಳುವುದು.

ಯಾರೋ ಹಿರಿಯರು ಮುಖ ಗಂಟಿಕ್ಕಿಕೊಂಡು "ನೀವು ಗಿಟಾರ್ ನುಡಿಸಿದ್ದು ನನಗೆ ಎಡವಲಾಯಿತು" ಅನ್ನುತ್ತಾರಲ್ಲ, ಅದು ಎಡವುವುದಲ್ಲ. ಅವರು ಗಿಟಾರ್ ಕೇಳಿ ಹಳೆಯ ಪಾಪಕ್ಕೆ ವಾಪಸ್ ಹೋಗುತ್ತಿಲ್ಲ. ಅವರಿಗೆ ಇಷ್ಟ ಆಗಲಿಲ್ಲ, ಅಷ್ಟೇ. ಇಷ್ಟ ಆಗದ್ದಕ್ಕೂ ಪ್ರೀತಿಯಿಂದ ಬಗ್ಗಬಹುದು, ನಾನು ಎಷ್ಟೋ ಸಲ ಬಗ್ಗಿದ್ದೇನೆ. ಆದರೆ ಅದನ್ನು ಬಲಹೀನತೆ ಅಂತ ಕರೆಯಬೇಡಿ. ಯೇಸುವಿನ ಮಾತಿಗೆ ಫರಿಸಾಯರು (ಯೆಹೂದ್ಯರ ಕಟ್ಟುನಿಟ್ಟಿನ ಪಂಗಡದವರು) ಬೇಸರ ಮಾಡಿಕೊಂಡರು ಅಂತ ಶಿಷ್ಯರು ಬಂದು ಹೇಳಿದಾಗ, ಅವರನ್ನು ಬಿಡಿ ಅಂದುಬಿಟ್ಟ. ಇನ್ನೊಂದು ಕಡೆ, ದೇವಾಲಯದ ತೆರಿಗೆ ಕೊಡಬೇಕಾದ್ದಿಲ್ಲ ಅಂತ ಹೇಳಿ, ಅವರಿಗೆ ಅಡ್ಡಿಯಾಗಬಾರದು ಅಂತ ಶಿಷ್ಯ ಪೇತ್ರನ ಕೈಯಲ್ಲಿ ಕಟ್ಟಿಸಿದ. ಹಣ ಬಿಡಬಹುದಿತ್ತು, ಬಿಟ್ಟ. ಸತ್ಯ ಬಿಡುವಂತಿರಲಿಲ್ಲ, ಬಿಡಲಿಲ್ಲ.

ಪೌಲನ ತೀರ್ಪು ಒಂದೇ ಸಾಲಿನದಲ್ಲ. ವಿಗ್ರಹದ ಮೇಜಿನಲ್ಲಿ ಪಾಲುಗಾರರಾಗಬೇಡಿ. ಅಂಗಡಿಯಲ್ಲಿ ಮಾರುವುದನ್ನು ಏನೂ ವಿಚಾರಿಸದೆ ತಿನ್ನಿ. ನಂಬದವರು ಮನೆಗೆ ಕರೆದರೆ ಬಡಿಸಿದ್ದನ್ನು ತಿನ್ನಿ. ಪಕ್ಕದಲ್ಲಿ ಯಾರಾದರೂ "ಇದು ಅರ್ಪಿಸಿದ್ದು" ಅಂದರೆ ಅವರಿಗೋಸ್ಕರ ಬಿಡಿ. ಮಾಂಸ ಅದೇ, ತಿನ್ನುವವನೂ ಅವನೇ, ಪಕ್ಕದಲ್ಲಿ ಕೂತವರು ಯಾರು ಅನ್ನುವುದರ ಮೇಲೆ ತೀರ್ಮಾನ ಬದಲಾಗುತ್ತದೆ. ನಿಮ್ಮ ಸೇವೆಯಲ್ಲೂ ನಿಯಮದ ಪಟ್ಟಿ ಮಾಡಿ ಗೋಡೆಗೆ ಅಂಟಿಸುವುದಕ್ಕಿಂತ ಪಕ್ಕದಲ್ಲಿ ಕೂತವರನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹೆಜ್ಜೆ 5: ಮಾತನ್ನು ಕೇಳುವವರಿಗೆ ತಕ್ಕ ಹಾಗೆ ಕತ್ತರಿಸಿ

ಅಪೊಸ್ತಲರ ಕೃತ್ಯಗಳಲ್ಲಿ 13, 14, 17 ಮೂರು ಅಧ್ಯಾಯ ಪಕ್ಕಪಕ್ಕ ಇಟ್ಟು ಓದಿ. ಪಿಸಿದ್ಯದ ಅಂತಿಯೋಕ್ಯದ ಸಭಾಮಂದಿರದಲ್ಲಿ ಪೌಲ ಐಗುಪ್ತದಿಂದ ಶುರು ಮಾಡಿ ದಾವೀದನ ಮೂಲಕ ಯೇಸುವಿಗೆ ಬರುತ್ತಾನೆ. ಲುಸ್ತ್ರದ ಜನಕ್ಕೆ ಶಾಸ್ತ್ರ ಗೊತ್ತಿಲ್ಲ, ಅಲ್ಲಿ ಮಳೆ, ಬೆಳೆ, ಹೊಟ್ಟೆ ತುಂಬಿದ ಸಂತೋಷದ ಮಾತು. ಅಥೇನೆಯಲ್ಲಿ ಅವರದೇ ಬಲಿಪೀಠ, ಅವರದೇ ಕವಿಗಳ ಸಾಲು. ಆದರೆ ಅಥೇನೆಯವರು ಸತ್ತವರು ಏಳುವ ಮಾತಿಗೆ ನಗುತ್ತಾರೆ ಅಂತ ಗೊತ್ತಿದ್ದೂ ಅದನ್ನು ಹೇಳಿಯೇ ಹೇಳಿದ. ಕೆಲವರು ನಕ್ಕರು ಕೂಡ. ಬಾಗಿಲು ಎಲ್ಲಿಂದ ತೆಗೆಯಬೇಕು ಅನ್ನುವುದು ನಮ್ಮ ಕೈಯಲ್ಲಿದೆ, ಒಳಗೆ ಯಾರಿದ್ದಾರೆ ಅನ್ನುವುದು ನಮ್ಮ ಕೈಯಲ್ಲಿಲ್ಲ.

ಇನ್ನು ದಿನನಿತ್ಯದ ಕೆಲಸಕ್ಕೆ ಬರೋಣ. ಓದೋಕೆ ಬಾರದವರಿದ್ದಾರೆ ಅನ್ನಿ. ಸರದಿಯ ಓದು ಮೊದಲು ನಿಲ್ಲಿಸಿ. ಒಬ್ಬರೇ ನಿಧಾನವಾಗಿ ಎರಡು ಸಲ ಓದಲಿ, ಇಲ್ಲವೇ ಆಡಿಯೋ ಬೈಬಲ್ ಹಾಕಿ. ಆಮೇಲೆ "ಕಥೆ ಏನಾಯ್ತು, ಯಾರಾದರೂ ನಿಮ್ಮ ಮಾತಲ್ಲಿ ಹೇಳಿ" ಅನ್ನಿ. ಓದು ಬಾರದವರು ಇದರಲ್ಲಿ ಎಷ್ಟೋ ಸಲ ಓದಿದವರನ್ನು ಮೀರಿಸುತ್ತಾರೆ. ಪುಟದ ಸಂಖ್ಯೆ ಕೂಗಿ "ಬೇಗ ತೆಗೀರಿ" ಅನ್ನಬೇಡಿ. ನೀತೀಕರಣ, ಪ್ರಾಯಶ್ಚಿತ್ತ, ಪರಿಶುದ್ಧೀಕರಣ ಅನ್ನುವ ಪದಗಳು ಬಂದಾಗ ನಿಂತು, ಹೊಸಬರಿಗೆ ಮನೆಯಲ್ಲಿ ಆಡುವ ಮಾತಲ್ಲಿ ಹೇಳಿ. ನಿಮಗೇ ಹೇಳೋಕಾಗದಿದ್ದರೆ ನಿಮಗೂ ಅದು ಅರ್ಥವಾಗಿಲ್ಲ ಅಂತ (ನನ್ನ ವಿಷಯದಲ್ಲಂತೂ ಹಾಗೇ ಆಗಿತ್ತು).

ಎಲ್ಲವನ್ನೂ ಒಂದೇ ದಿನ ಸುರಿಯಬೇಡಿ. ಹೇಳಬೇಕಾದ್ದು ಇನ್ನೂ ತುಂಬಾ ಇದೆ, ಈಗ ನಿಮಗೆ ಹೊರೋಕಾಗಲ್ಲ ಅಂತ ಯೇಸುವೇ ಶಿಷ್ಯರಿಗೆ ಹೇಳಿದ. ಯಾಕೋಬನ ಮಾತೂ ನೆನಪಿಟ್ಟುಕೊಳ್ಳಿ. ಅಣ್ಣ ಏಸಾವ ಜೊತೆಗೆ ಹೋಗೋಣ ಬಾ ಅಂದಾಗ, ಮಕ್ಕಳು ಎಳೆಯರು, ಮರಿ ಹಾಕಿದ ಕುರಿಗಳಿವೆ, ಒಂದು ದಿನ ಜಾಸ್ತಿ ಓಡಿಸಿದರೆ ಹಿಂಡೆಲ್ಲಾ ಸತ್ತುಹೋಗುತ್ತದೆ, ನೀನು ಮುಂದೆ ನಡೆ, ನಾನು ಇವುಗಳ ನಡಿಗೆಗೆ ತಕ್ಕ ಹಾಗೆ ಬರುತ್ತೇನೆ ಅಂದ.

ಹೆಜ್ಜೆ 6: ಸೋತವರ ಹತ್ತಿರ ಹೋದಾಗ

ಪ್ರವಾದಿ ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಬೈಬಲ್ ಸ್ಟಡಿ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ರೊಟ್ಟಿ, ನೀರು ಕೊಟ್ಟ. ಎಲೀಯ ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಕೊಟ್ಟ. ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಬಾಯಿಬಿಡದೆ ನೆಲದ ಮೇಲೆ ಕೂತಿದ್ದರು, ಆ ಏಳು ದಿನ ಅವರಷ್ಟು ಒಳ್ಳೆಯ ಸೇವಕರು ಇನ್ನೊಬ್ಬರಿಲ್ಲ. ಕೆಟ್ಟದ್ದು ಬಾಯಿ ತೆಗೆದ ಮೇಲೆ.

ಸಾವಿನ ಮನೆಗೆ, ಕಾಯಿಲೆಯವರ ಹತ್ತಿರ ಹೋದಾಗ ಭೇಟಿ ಚಿಕ್ಕದಿರಲಿ. ಪ್ರಾರ್ಥನೆ ಅದಕ್ಕಿಂತ ಚಿಕ್ಕದಿರಲಿ. ಪ್ರಾರ್ಥನೆ ಮಾಡಲಾ ಅಂತ ಕೇಳಿ, ಬೇಡ ಅಂದರೆ ಮುಖ ಸಣ್ಣ ಮಾಡಿಕೊಳ್ಳಬೇಡಿ. "ನಂಬಿಕೆ ಕಮ್ಮಿ ಆಗಿದ್ದಕ್ಕೇ ಹೀಗಾಯ್ತು" ಅನ್ನುವ ಮಾತು ಯಾವ ಕಾರಣಕ್ಕೂ ಬೇಡ. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಅಂತ ಹೇಳಲೇಬೇಡಿ, ಮನಸ್ಸಿನ ಕಾಯಿಲೆಯ ಮಾತ್ರೆ ಆದರೂ ಅಷ್ಟೇ. ಯಾರಾದರೂ ಸಾಯುವ ಮಾತಾಡಿದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಪ್ರಾರ್ಥನೆ ದಾರಿಯಲ್ಲೂ ಮಾಡಬಹುದು.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಬೇರೆಯವರ ಬಲಹೀನತೆ ನಮಗೆ ಸಿಕ್ಕ ಅವಕಾಶ ಅಲ್ಲ. ಹಸಿದವರಿಗೆ ಊಟ ಕೊಡಿ, ಆದರೆ ಊಟದ ತಟ್ಟೆ ಕೈಯಲ್ಲಿ ಹಿಡಿದು ತೀರ್ಮಾನ ಕೇಳಬೇಡಿ. ಅಳುತ್ತಿರುವವರಿಂದ ಅವತ್ತೇ ಹೌದು ಅನ್ನಿಸಿಕೊಳ್ಳಬೇಡಿ. ಹೊಗಳಿಕೆ, ಹಣದಾಸೆ, ಮೋಸ ಯಾವುದನ್ನೂ ನಾವು ಬಳಸಲಿಲ್ಲ ಅಂತ ಥೆಸಲೊನೀಕದವರಿಗೆ ಪೌಲ ಎದೆತಟ್ಟಿ ಹೇಳಿದ. ಆ ಮಾತು ನಾವೂ ಹೇಳುವಂತಿರಬೇಕು, ಅಲ್ವಾ?

ಹೆಜ್ಜೆ 7: ಬಗ್ಗಬಾರದ ಕಡೆ ಬಗ್ಗಬೇಡಿ

ಯೆರೂಸಲೇಮಿನ ಕೂಟ ಅನ್ಯಜನರಿಗೆ (ಯೆಹೂದ್ಯರಲ್ಲದವರಿಗೆ) ಸುನ್ನತಿ ಬೇಕಿಲ್ಲ ಅಂತ ತೀರ್ಮಾನಿಸಿದ್ದು ಅಪೊಸ್ತಲರ ಕೃತ್ಯಗಳು 15ರಲ್ಲಿ. 16ರಲ್ಲಿ ನೋಡಿದರೆ ಪೌಲ ತನ್ನ ಜೊತೆಗಾರ ತಿಮೊಥೆಯನಿಗೆ ಸುನ್ನತಿ ಮಾಡಿಸುತ್ತಾನೆ. ಆದರೆ ಇನ್ನೊಬ್ಬ ಜೊತೆಗಾರ, ಗ್ರೀಕನಾದ ತೀತನ ವಿಷಯದಲ್ಲಿ ಒಂದು ಗಳಿಗೆಯೂ ಒಪ್ಪಲಿಲ್ಲ. ಯಾಕೆ? ತಿಮೊಥೆಯನ ತಾಯಿ ಯೆಹೂದ್ಯಳು, ಆ ಕಡೆಯ ಯೆಹೂದ್ಯರ ಹತ್ತಿರ ಅವನು ಹೋಗಬೇಕಿತ್ತು, ಬಾಗಿಲು ತೆರೆಯಲಿ ಅಂತ ಮಾಡಿಸಿದ. ತೀತನ ಹತ್ತಿರ ಬಂದವರು, ಇದಿಲ್ಲದೆ ಆಗಲ್ಲ ಅನ್ನುವವರು. ಬೇಕಿದ್ದರೆ ಮಾಡುತ್ತೇನೆ, ಮಾಡಲೇಬೇಕು ಅಂದರೆ ಮಾಡಲ್ಲ.

ಸಿರಿಯದ ಅಂತಿಯೋಕ್ಯದಲ್ಲಿ ಪೇತ್ರ ಬಗ್ಗಿದ್ದು ತಪ್ಪಾಯಿತು. ಅನ್ಯಜನರ ಜೊತೆ ಊಟ ಮಾಡುತ್ತಿದ್ದವನು ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ (ಏಸಾವನ ತಮ್ಮನಲ್ಲ, ಬೇರೆಯವನು) ಕಡೆಯವರು ಬಂದ ಕೂಡಲೇ ಹಿಂದೆ ಸರಿದ, ಪೌಲನ ಜೊತೆಗಾರ ಬಾರ್ನಬನೂ ಹಾಗೇ ಮಾಡಿದ. ಮೇಲ್ನೋಟಕ್ಕೆ ಇದೂ ಬೇರೆಯವರ ಬಲಹೀನತೆಗೆ ಹೊಂದಿಕೊಂಡ ಹಾಗೇ ಕಾಣುತ್ತದೆ. ಆದರೆ ಅವನು ಸರಿದದ್ದು ಭಯಕ್ಕೆ, ಮತ್ತು ಅದರ ಬೆಲೆ ತೆತ್ತವರು ಮೇಜಿನಲ್ಲಿ ಉಳಿದ ಅನ್ಯಜನರು. ನೀವು ಬಗ್ಗಿದಾಗ ನಷ್ಟ ಯಾರಿಗೆ ಆಗುತ್ತಿದೆ ನೋಡಿ. ನಿಮಗಾದರೆ ಸರಿ. ಇನ್ನೊಬ್ಬ ಬಲವಿಲ್ಲದವರಿಗಾದರೆ ನಿಲ್ಲಿಸಿ. ಜೋರಾಗಿ ಮಾತಾಡುವ ಒಬ್ಬರ ಸಮಾಧಾನಕ್ಕೆ ಹೊಸಬರನ್ನು ಹಿಂದಿನ ಸಾಲಿಗೆ ಕೂರಿಸುವ ಸಭೆಗಳಿಗೆ ಪೌಲ ಬಂದಿದ್ದರೆ, ಅವತ್ತು ಪೇತ್ರನನ್ನು ಎದುರಿಸಿದ ಹಾಗೆ ಅಲ್ಲೂ ಮುಖಾಮುಖಿ ಎದುರಿಸುತ್ತಿದ್ದ.

ಹೆಜ್ಜೆ 8: ಗೊತ್ತಾದ ಬಲಹೀನತೆಯನ್ನು ಕಾಪಾಡಿ

ಒಬ್ಬ ತಂಗಿ ನನಗೆ ಹೇಳಿಕೊಂಡ ವಿಷಯವನ್ನು ಪ್ರಾರ್ಥನಾ ವಿಷಯ ಅಂತ ಗುಂಪಿನಲ್ಲಿ ಹೇಳಿಬಿಟ್ಟಿದ್ದೆ. ಹೆಸರು ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಾಯಿತು. ಅನುಮತಿ ಇಲ್ಲದೆ ಹೇಳಿದರೆ ಅದು ಚಾಡಿಯೇ, ಕೊನೆಗೆ ಆಮೆನ್ ಸೇರಿಸಿದರೂ. ಮಗುವಿಗೆ ಅಥವಾ ಯಾರದೋ ಜೀವಕ್ಕೆ ಅಪಾಯ ಇದ್ದರೆ ಮಾತ್ರ ಸುಮ್ನಿರಬಾರದು, ಸಂಬಂಧಪಟ್ಟವರಿಗೆ ತಿಳಿಸಲೇಬೇಕು. ಆ ಮಾತನ್ನು ಮೊದಲೇ ಹೇಳಿಬಿಡಿ. ತಿದ್ದಬೇಕಾದ್ದಿದ್ದರೆ ಬೋಧಕ ಅಪೊಲ್ಲೋಸನನ್ನು ಅಕ್ವಿಲ, ಪ್ರಿಸ್ಕಿಲ್ಲ ಪಕ್ಕಕ್ಕೆ ಕರೆದ ಹಾಗೆ ಕರೆದು ತಿದ್ದಿ.

ಹೆಜ್ಜೆ 9: ತಪ್ಪಾದಾಗ

ಆಗೇ ಆಗುತ್ತದೆ. ಕೂಡಲೇ ಹೋಗಿ, ಮೆಸೇಜ್ ಕಳಿಸಿ ಕೈ ತೊಳೆದುಕೊಳ್ಳಬೇಡಿ. "ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ" ಅನ್ನಬೇಡಿ, "ನಾನು ಹೀಗೆ ಅಂದೆ, ಅದು ತಪ್ಪು" ಅನ್ನಿ. ಎಲ್ಲರ ಮುಂದೆ ಮಾಡಿದ ತಪ್ಪನ್ನು ಎಲ್ಲರ ಮುಂದೆ ಒಪ್ಪಿಕೊಳ್ಳಿ, ಆದರೆ ಅವರ ಗುಟ್ಟು ಮತ್ತೆ ಬಯಲಾಗದ ಹಾಗೆ. ಕೂಟಕ್ಕೆ ವಾಪಸ್ ಬನ್ನಿ ಅಂತ ಅದೇ ಉಸಿರಲ್ಲಿ ಕರೆಯಬೇಡಿ, ಕ್ಷಮೆ ಕೇಳೋಕೆ ಬಂದವರಾ ಜನ ಸೇರಿಸೋಕೆ ಬಂದವರಾ ಅಂತ ಅವರಿಗೆ ಅನುಮಾನ ಬರುತ್ತದೆ.

ನಾನು ಆ ಅಣ್ಣನ ಮನೆಗೆ ಹೋಗೋಕೆ ನಾಲ್ಕು ತಿಂಗಳು ತೆಗೆದುಕೊಂಡೆ, ನಾಚಿಕೆಯಿಂದ. ಬಾಗಿಲು ತೆಗೆದವರು ಅವರೇ. ಓದು ಬಾರದ ವಿಷಯ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಫೋನಿನ ಬಗ್ಗೆ ನಾನು ಆಡಿದ ಮಾತು ತಪ್ಪು ಅಂತ ಮಾತ್ರ ಹೇಳಿದೆ. "ಬಿಡಿ ಬ್ರದರ್" ಅಂದರು. ನನ್ನ ಕೂಟಕ್ಕೆ ಅವರು ಮತ್ತೆ ಬರಲಿಲ್ಲ. ಈಗ ಬೇರೊಂದು ಮನೆಕೂಟಕ್ಕೆ ಹೋಗುತ್ತಾರೆ, ಅಲ್ಲಿ ಒಬ್ಬ ಅಕ್ಕ ವಾಕ್ಯವನ್ನು ಕಥೆಯಾಗಿ ಹೇಳಿ, ಕೇಳಿದವರಿಂದ ವಾಪಸ್ ಹೇಳಿಸುತ್ತಾರೆ. ಐದನೇ ಹೆಜ್ಜೆಯಲ್ಲಿ ನಾನು ಬರೆದ ವಿಧಾನ ಕಲಿತದ್ದು ಅಲ್ಲಿ, ಹಿಂದಿನ ಸಾಲಲ್ಲಿ ಕೂತು.